ನಲವತ್ತೊಂದನೇ ಕಲ್ಲಿನ ಅಂಗಿ

ಗುಡ್ಡದ ತುದಿಗೆ ಇನ್ನೂರ ಹನ್ನೆರಡು ಮೆಟ್ಟಿಲು. ಗಂಜಿಯಜ್ಜಿ ಎಲ್ಲೂ ಕೂರಲಿಲ್ಲ. ಎಪ್ಪತ್ನಾಲ್ಕು ವರ್ಷದ ಮಂಡಿಗಳು ಬೇಡ ಬೇಡ ಎಂದವು, ಆದರೆ ಆ ಮುದುಕಿ ಯಾರ ಮಾತು ಕೇಳಿದ್ದಾಳೆ? ಸೈನ್ಯದ ಬಟ್ಟೆಗಳಿಗೆ ಗಂಜಿ ಹಾಕಿ ಹಾಕಿ ಆ ಹೆಸರು ಬಂದಿತ್ತು. ಅವಳ ಬೆನ್ನಿಗೂ ಗಂಜಿ ಹಾಕಿದೆ ಎಂದು ಜನ ನಗುತ್ತಿದ್ದರು. ಕಂಕುಳಲ್ಲಿ ಕಾಗದದ ಪೊಟ್ಟಣವಿತ್ತು. ಎರಡು ಮೆಟ್ಟಿಲು ಹಿಂದೆ, ಯುದ್ಧದಲ್ಲಿ ಕಾಣೆಯಾದ ಸೈನ್ಯದ ಅಡುಗೆಯವನೊಬ್ಬನ ತಂಗಿ ಮುಖ ಗಂಟಿಕ್ಕಿಕೊಂಡು ಹತ್ತುತ್ತಿದ್ದಳು.

ತುದಿಯಲ್ಲಿದ್ದ ಸೈನಿಕರ ಸ್ಮಶಾನದ ಬಾಗಿಲಲ್ಲಿ ಮೇಲ್ವಿಚಾರಕರ ಮೇಜು, ಅದರ ಮೇಲೆ ದಪ್ಪ ಪುಸ್ತಕ. ಬಂದವರು ತಮ್ಮ ಹೆಸರು, ನೋಡಬೇಕಾದ ಕಲ್ಲಿನ ಸಂಖ್ಯೆ, ಸತ್ತವರು ತಮಗೆ ಏನಾಗಬೇಕು ಎಂಬುದನ್ನು ಬರೆಯಬೇಕು. ತಂಗಿ ನಲವತ್ತೊಂದು ಎಂದು ಬರೆದಳು. ಆಮೇಲೆ ಅವಳ ಪೆನ್ನು ನಿಂತಿತು.

"ಆ ಕಲ್ಲಿನಡಿ ಇರೋ ಲಾರಿ ಡ್ರೈವರ್ ನಿಮಗೆ ಏನಾಗಬೇಕಮ್ಮ?" ಮೇಲ್ವಿಚಾರಕರಿಗೆ ಆಶ್ಚರ್ಯ. ಡ್ರೈವರ್‌ಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಆ ಕಲ್ಲಿನ ಹತ್ತಿರ ಇಷ್ಟು ವರ್ಷ ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ.

"ಡ್ರೈವರ್ ನನಗೆ ಏನೂ ಆಗಬೇಕಿಲ್ಲ," ಎಂದು ಆ ಜಾಗವನ್ನು ಖಾಲಿ ಬಿಟ್ಟು ಅವಳು ಒಳಗೆ ನಡೆದಳು.

ಮೂವತ್ತು ವರ್ಷದ ಹಿಂದೆ, ಯುದ್ಧ ಜೋರಾಗಿದ್ದಾಗ, ಶಿಬಿರದಲ್ಲಿ ಮೂರು ದಿನ ಬಿಸಿಲೇ ಬಿದ್ದಿರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅಡುಗೆಯವನು ಬನಿಯನ್ನಿನಲ್ಲೇ ಗಂಜಿಯಜ್ಜಿಯ ಬಳಿ ಓಡಿಬಂದಿದ್ದ. "ಅಕ್ಕಾ, ಅಂಗಿ ಕೊಡಿ. ಮುಂದಿನ ಸಾಲಿನವರಿಗೆ ಊಟ ತಗೊಂಡು ಹೋಗಬೇಕು." ಅವನದು ಇನ್ನೂ ತೊಟ್ಟಿಕ್ಕುತ್ತಿತ್ತು. ಒಣಗಿದ್ದದ್ದು ಡ್ರೈವರ್‌ನ ಇನ್ನೊಂದು ಅಂಗಿ ಮಾತ್ರ. ಒಬ್ಬನ ಬಟ್ಟೆ ಇನ್ನೊಬ್ಬನ ಮೈಮೇಲೆ ಕಂಡರೆ ಒಗೆಯುವವಳ ಕೆಲಸ ಹೋಯಿತು ಎಂಬುದು ಅಲ್ಲಿನ ಕಟ್ಟಳೆ. ಆದರೂ ಚಳಿಗೆ ನಡುಗುತ್ತಿದ್ದವನನ್ನು ನೋಡಲಾರದೆ ಕೊಟ್ಟಳು. "ಸಂಜೆ ವಾಪಸ್ ಕೊಡಪ್ಪ, ಯಾರಿಗೂ ಹೇಳಬೇಡ."

ಅವನು ಹೋದದ್ದು ಅದೇ ಡ್ರೈವರ್‌ನ ಲಾರಿಯಲ್ಲಿ. ಸೇತುವೆಯ ಮೇಲೆ ಬಾಂಬ್ ಬಿದ್ದು ಲಾರಿ ಹೊಳೆಗೆ ಉರುಳಿತು. ಸಿಕ್ಕಿದ್ದು ಒಂದೇ ಹೆಣ, ಅದಕ್ಕೂ ಮುಖವಿರಲಿಲ್ಲ. ಪ್ರತಿಯೊಬ್ಬನ ಕಾಲರ್ ಒಳಗೂ ಕೆಂಪು ನೂಲಿನಲ್ಲಿ ಬೇರೆ ಬೇರೆ ಗುರುತು, ಎರಡನೆಯ ಅಂಗಿಯಾದರೆ ಅದರಡಿ ಒಂದು ಗೆರೆ ಹೆಚ್ಚು, ಹೊಲಿಯುತ್ತಿದ್ದವಳು ಗಂಜಿಯಜ್ಜಿಯೇ. ಅಧಿಕಾರಿ ಹೆಣದ ಕಾಲರ್ ಕತ್ತರಿಸಿ ತಂದು, "ಈ ಗುರುತು ಯಾರದು?" ಎಂದ. "ಡ್ರೈವರ್‌ದು," ಎಂದಳು. ಸುಳ್ಳೇನಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಕೇಳದ್ದನ್ನು ನುಂಗಿಕೊಂಡಳು. ಹೆಚ್ಚಿನ ಗೆರೆ ಕಂಡದ್ದರಿಂದ, ಹೆಣ ಅಡುಗೆಯವನದು, ಹೊಳೆ ಕೊಚ್ಚಿಕೊಂಡು ಹೋದದ್ದು ಡ್ರೈವರ್‌ನನ್ನು ಎಂದು ಅವಳೊಬ್ಬಳಿಗೇ ಗೊತ್ತಿತ್ತು. ಅವನು ಲಾರಿ ಹತ್ತಿದ್ದನ್ನು ಬೇರೆ ಯಾರೂ ನೋಡಿರಲಿಲ್ಲ; ಕಾಗದದಲ್ಲಿ ಅಡುಗೆಯವನು ಯುದ್ಧಕ್ಕೆ ಹೆದರಿ ಓಡಿಹೋದವನಾದ.

ನುಂಗಿದ್ದು ಜೀರ್ಣವಾಗಲಿಲ್ಲ. ಕೆಲಸದಿಂದ ನಿವೃತ್ತಳಾದ ಮೇಲೆ ಮೂರು ಸಲ ಸೈನ್ಯದ ಕಚೇರಿಗೆ ಹೋಗಿ ಹೇಳಿದಳು. ಅರಳುಮರಳು ಎಂದು ಕಳಿಸಿದರು. ಕೊನೆಗೆ, ಎಲ್ಲಕ್ಕಿಂತ ಕಷ್ಟದ ಬಾಗಿಲಿಗೆ, ತಂಗಿಯ ಹೊಲಿಗೆ ಅಂಗಡಿಗೆ ಹೋದಳು. ತಂಗಿ ಎಲ್ಲ ಕೇಳಿಸಿಕೊಂಡು, ಕತ್ತರಿ ಕೆಳಗಿಟ್ಟು, ಹೊರಗೆ ಕೈ ತೋರಿಸಿದಳು. ಆರನೆಯ ದಿನ ತಾನೇ ಅಜ್ಜಿಯ ಮನೆಗೆ ಬಂದು, "ನಡೀರಿ, ಎಲ್ಲಿದಾನೆ ತೋರಿಸಿ," ಎಂದಳು.

ನಲವತ್ತೊಂದನೇ ಕಲ್ಲು ಅಂಚಿನ ಸಾಲಿನಲ್ಲಿತ್ತು. ಕೆಳಗೆ ಇಡೀ ನಗರ: ನೀರಿನ ಟ್ಯಾಂಕುಗಳು, ಬಸ್ ನಿಲ್ದಾಣ, ತಾರಸಿಗಳ ಮೇಲೆ ಒಣಹಾಕಿದ ಬಟ್ಟೆ.

"ನಮ್ಮ ಬೀದಿ ಕಾಣ್ತಿದೆ," ಎಂದಳು ತಂಗಿ. "ಅಲ್ಲಿ ನನಗೆ ಓಡಿಹೋದವನ ತಂಗಿ ಅಂತಾನೇ ಹೆಸರು. ನಮ್ಮಮ್ಮ ಸಾಯೋವರೆಗೂ ತಲೆ ಎತ್ತಿ ನಡೀಲಿಲ್ಲ. ನೀವು ಅವತ್ತೇ ಬಾಯಿ ಬಿಟ್ಟಿದ್ರೆ?"

"ನಿಜ ಕಣಮ್ಮ. ನನ್ನ ಹೊಟ್ಟೆಪಾಡು ನೋಡ್ಕೊಂಡೆ. ಬೈಯಿ."

"ಬೈಯೋಕೆ ಮನೆ ಇದೆ. ಪೊಟ್ಟಣ ಬಿಚ್ಚಿ."

ಒಳಗಿದ್ದದ್ದು ಅಂದು ಒಣಗದೆ ಉಳಿದ ಅಡುಗೆಯವನ ಅಂಗಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಅಜ್ಜಿ ಅದನ್ನು ಕಲ್ಲಿಗೆ ತೊಡಿಸಿ ಒಂದೊಂದೇ ಗುಂಡಿ ಹಾಕಿದಳು. ಡ್ರೈವರ್‌ನ ಹೆಸರು ಬಟ್ಟೆಯ ಹಿಂದೆ ಮರೆಯಾಯಿತು. ತಂಗಿ ಕಾಲರ್ ಮಗುಚಿ ಕೆಂಪು ನೂಲನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಮೇಲಿನ ಗುಂಡಿ ಬಿಚ್ಚಿದಳು.

"ಇದನ್ನ ಅವನು ಯಾವತ್ತೂ ಹಾಕ್ತಿರಲಿಲ್ಲ. ಒಲೆ ಮುಂದೆ ಉಸಿರು ಕಟ್ಟುತ್ತೆ ಅಂತಿದ್ದ." ಅಷ್ಟು ಹೇಳುವಷ್ಟರಲ್ಲಿ ಅಳು ನುಗ್ಗಿಬಂತು. ಅಜ್ಜಿ ಸಮಾಧಾನ ಹೇಳಲಿಲ್ಲ. ಹೇಳುವ ಯೋಗ್ಯತೆ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೇಲ್ವಿಚಾರಕರು ಏದುಸಿರು ಬಿಡುತ್ತಾ ಬಂದರು. "ಏನಜ್ಜಿ ಇದು? ಇದೇನು ಬಟ್ಟೆ ಒಣಹಾಕೋ ಜಾಗವಾ? ಮೊದಲು ತೆಗೀರಿ!"

"ಅವತ್ತು ಇವನಿಗೆ ಬೇರೆಯವನ ಅಂಗಿ ಕೊಟ್ಟೆ ಸ್ವಾಮಿ. ಇವತ್ತು ಇವನದನ್ನೇ ಇವನಿಗೆ ಕೊಟ್ಟಿದೀನಿ. ಒಳಗಿರೋನು ಅಡುಗೆಯವನು. ಅವನು ಓಡಿಹೋಗಲಿಲ್ಲ, ಊಟ ತಗೊಂಡು ಹೋಗ್ತಿದ್ದ."

"ಅದನ್ನೆಲ್ಲ ಕಚೇರಿಯಲ್ಲಿ ಹೇಳಿ. ಸಂಜೆಯೊಳಗೆ ನಾನೇ ಕಿತ್ತು ಬಿಸಾಕ್ತೀನಿ."

"ಬಿಸಾಕಿ. ಮಣ್ಣಾದ್ರೆ ಒಗೀತೀನಿ. ಹರಿದ್ರೆ ಇವಳು ಹೊಲೀತಾಳೆ. ನಾಳೆ ಮತ್ತೆ ತರ್ತೀವಿ, ನಾಳಿದ್ದೂ ತರ್ತೀವಿ. ಕಲ್ಲಿನ ಮೇಲೆ ಹೆಸರು ಬದಲಾಗೋವರೆಗೆ ನಿಮಗೆ ಇದೇ ಕೆಲಸ, ನಮಗೂ ಇದೇ ಕೆಲಸ."

ಮೇಲ್ವಿಚಾರಕರು ಅಂಗಿಗೆ ಕೈ ಚಾಚಿದರು. ಇಬ್ಬರು ಹೆಂಗಸರೂ ಕದಲಲಿಲ್ಲ, ತಡೆಯಲೂ ಇಲ್ಲ, ನೋಡುತ್ತಾ ನಿಂತರು. ಚಾಚಿದ ಕೈ ಗುಂಡಿಯ ಹತ್ತಿರ ಬಂದು ಅಲ್ಲೇ ನಿಂತಿತು.

ಹೊರಡುವಾಗ ತಂಗಿ ಬಾಗಿಲ ಮೇಜಿನ ಬಳಿ ನಿಂತು ಪುಸ್ತಕ ತೆರೆದಳು.

"ಏಯ್, ಅದನ್ನ ತಿದ್ದೋ ಹಾಗಿಲ್ಲ!" ಮೇಲ್ವಿಚಾರಕರು ಹಿಂದಿನಿಂದ ಕೂಗಿದರು.

"ತಿದ್ದುತ್ತಿಲ್ಲ ಸರ್. ಖಾಲಿ ಬಿಟ್ಟಿದ್ದೆ, ತುಂಬ್ತಿದೀನಿ." ನಲವತ್ತೊಂದರ ಪಕ್ಕದಲ್ಲಿ ಅವಳು ಒತ್ತಿ ಒತ್ತಿ ಬರೆದಳು: ಅಣ್ಣ.

ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಅಜ್ಜಿಯ ಕಡೆ ತಿರುಗಿದಳು.

"ನಾಳೆ ಎಷ್ಟು ಗಂಟೆಗೆ ಹೊರಡೋಣ?"