ಬೆಂಚಿನ ತುದಿಯಲ್ಲಿ ಕೂತವನು

ಜಪಾನಿಯರು ನಮ್ಮ ದ್ವೀಪಗಳ ಮೇಲೆ ಯುದ್ಧಕ್ಕೆ ಬಂದಾಗ ಸೈನಿಕ ಶಾಲೆಯವರು ಎಳೆಯ ಕೆಡೆಟ್‌ಗಳಿಗೆಲ್ಲ, ನೀವಿನ್ನೂ ಮಕ್ಕಳು, ಮನೆಗೆ ಹೋಗಿ ಎಂದುಬಿಟ್ಟರು. ಹನ್ನೆರಡು ಮಂದಿ ಮನೆಗೆ ಹೋಗಲಿಲ್ಲ. ಶಾಲೆಯ ಬಂದೂಕುಗಳನ್ನು ಹೊತ್ತು ರಿಝಾಲ್ ಬೆಟ್ಟ ಹತ್ತಿದರು. ಜಪಾನಿಯರ ಲಾರಿಗಳನ್ನು ಹೊಂಚುಹಾಕಿ ಹೊಡೆಯುವುದೇ ಅವರ ಮುಂದಿನ ಪಾಠವಾಯಿತು. ದೇವರು ಅವರಿಗೆ ಧೈರ್ಯ ಕೊಟ್ಟಿದ್ದ, ಅಕ್ಕಿ ಕೊಡುವುದನ್ನು ಬಸಿಲಿಯಾಳಿಗೆ ಬಿಟ್ಟಿದ್ದ. ಸರೋವರದ ದಂಡೆಯ ಪೇಟೆಯಲ್ಲಿ ಅವಳದೊಂದು ಊಟದಂಗಡಿ.

ಒಂದು ಮಧ್ಯಾಹ್ನ ಅಕ್ಕಿಗೆಂದು ಬೆಟ್ಟ ಇಳಿದು ಬಂದವನು ಹತ್ತೊಂಬತ್ತರ ಕ್ರಿಸಾಂತೊ. ಹರಕು ಚಲ್ಲಣ, ಕೆಸರುಗಾಲು, ನೋಡಿದರೆ ಹೊಲದಾಳೇ. ಆದರೆ ಉಣ್ಣಲು ಕೂತದ್ದೇ ಮೈ ತನ್ನ ಹಳೆಯ ಅಭ್ಯಾಸಕ್ಕೆ ಹೋಯಿತು. ಶಾಲೆಯಲ್ಲಿ ಹೊಸ ಕೆಡೆಟ್ ಬೆಂಚಿನ ತುದಿಯಲ್ಲಿ ನಾಲ್ಕು ಬೆರಳಗಲದಷ್ಟು ಜಾಗದಲ್ಲೇ ಕೂರಬೇಕು, ಬೆನ್ನು ಸೆಟೆದಿರಬೇಕು, ಕಣ್ಣು ಅತ್ತಿತ್ತ ಹೊರಳಬಾರದು. ಅವನು ಹಾಗೇ ಕೂತ. ಸುತ್ತಲಿನ ರೈತರು ಒಂದು ಕಾಲನ್ನು ಬೆಂಚಿನ ಮೇಲೆ ಮಡಚಿಟ್ಟು ಒಣಮೀನು, ಅನ್ನ ಕಲಸುತ್ತಿದ್ದರು.

ಒಳಗೆ ಬಂದ ಜಪಾನಿ ಸಾರ್ಜೆಂಟ್ ಆ ಬೆನ್ನನ್ನೇ ನೋಡುತ್ತ ನಿಂತ. ಅವನೂ ಕವಾಯತಿನಲ್ಲಿ ಬೆಳೆದವನೇ ತಾನೆ.

ಬಸಿಲಿಯಾ ಸೌಟು ಹಿಡಿದೇ ಬಂದಳು. “ಲೋ ಮೈಗಳ್ಳ, ಕುಂಡಿ ಮೇಲಿನ ಕುರು ಇನ್ನೂ ಒಡೀಲಿಲ್ವೇನೋ? ಮೊಟ್ಟೆ ಮೇಲೆ ಕೂತ ಕೋಳಿ ಥರ ಕೂತಿದ್ದೀಯಲ್ಲ!”

ರೈತರು ನಕ್ಕರು. ನಮ್ಮ ಮಾತು ಅಷ್ಟಿಷ್ಟು ತಿಳಿಯುತ್ತಿದ್ದ ಸಾರ್ಜೆಂಟ್ ಮಾತ್ರ ನಗಲಿಲ್ಲ. ಹುಡುಗನ ಎರಡೂ ಭುಜ ಹಿಡಿದು ಬೆಂಚಿನ ಮೇಲೆ ಅಮುಕಿ ಕೂರಿಸಿದ.

ಇಲ್ಲದ ಕುರು ನೋಯುವುದೆಲ್ಲಿಂದ? ಆದರೂ ಕೂಗಬೇಕಿತ್ತು. ಶಾಲೆಯಲ್ಲಿ ಹಿರಿಯರು ಬೆತ್ತದಲ್ಲಿ ಬಾರಿಸಿದಾಗ ತುಟಿ ಬಿಚ್ಚದೆ ನಿಂತು ಹೆಸರು ಪಡೆದವನು ಕ್ರಿಸಾಂತೊ. ಆ ಗಂಟಲು ಈಗ ತೆರೆಯಲೊಲ್ಲದು. ಸುಮ್ಮನಿದ್ದರೆ ತನ್ನ ತಲೆಯಷ್ಟೇ ಅಲ್ಲ, ಬಸಿಲಿಯಾಳದೂ ಹೋಗುತ್ತದೆ. ಅವಳ ತುಟಿಗಳು ಮೇರಿಮಾತೆಯನ್ನು ಕರೆಯುತ್ತಿದ್ದುದು ಕಂಡಿತು.

“ಅಮ್ಮಾ,” ಎಂದ, ಮೊದಲು ಸಣ್ಣಗೆ. ಆಮೇಲೆ ಪೇಟೆಯೇ ತಿರುಗಿ ನೋಡುವಂತೆ ಅರಚಿಕೊಂಡ. ಕಣ್ಣು, ಮೂಗು ಎಲ್ಲ ಸುರಿಯಿತು. ಸಾರ್ಜೆಂಟ್ ಅಸಹ್ಯದಿಂದ ಕೈ ಒರೆಸಿಕೊಂಡು ಹೊರಟುಹೋದ.

ಅಳು ಮಾತ್ರ ನಿಲ್ಲಲಿಲ್ಲ. ಹೋದ ವಾರ ಗೆಳೆಯ ಸಿಲ್ವೇರಿಯೊನನ್ನು ಬೆಟ್ಟದಲ್ಲಿ ಹೂತಾಗ ಅವನು ಅತ್ತಿರಲಿಲ್ಲ. ಅದೆಲ್ಲ ಈಗ ಬಂತು. ರೈತರು ತಲೆತಗ್ಗಿಸಿ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಬಸಿಲಿಯಾ ಪಕ್ಕದಲ್ಲಿ ಕೂತು ಅವನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು.

“ಅತ್ಬಿಡು ಮಗಾ,” ಎಂದಳು. “ಅನ್ನ ಆರಿದ್ರೆ ಬೇರೆ ಬಡಿಸ್ತೀನಿ.”