ನಿದ್ದೆ ಬರುವ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಈ ಗಾದೆ ಕಟ್ಟಿದವರು ಯಾರೋ, ಇನ್ನೊಬ್ಬರಿಗಾಗಿ ಬಾಡಿಗೆ ಮನೆ ಹುಡುಕಿದವರಂತೂ ಅಲ್ಲ. ಹುಡುಕಿದ್ದರೆ ಮದುವೆಯ ಮಾತನ್ನು ಕೈಬಿಡುತ್ತಿದ್ದರು. ನಾನು ಶ್ರೀಲಕ್ಷ್ಮೀ, ಹೊಸಪೇಟೆಯವಳು, ವಯಸ್ಸು ಐವತ್ತೆರಡು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೇ ಹೇಳುತ್ತಾರೆ, ನಾನೂ ಇಲ್ಲ ಅನ್ನುವುದಿಲ್ಲ. ಕಾಡ್ಗಿಚ್ಚಿನಲ್ಲಿ ಮನೆ ಕಳೆದುಕೊಂಡವರಿಗೆ, ನಾಳೆ ಖಾಲಿ ಮಾಡಿ ಅನ್ನದಂಥ ಮನೆ ಹುಡುಕಿಕೊಡುವುದು ನಮ್ಮ ಸಣ್ಣ ಸಂಸ್ಥೆಯ ಕೆಲಸ.

ಮಾರ್ಚಿನಲ್ಲಿ ಸಂಡೂರಿನ ಕಡೆಯ ಬಿಲ್ವದಗುಡ್ಡಕ್ಕೆ ಬೆಂಕಿ ಬಿತ್ತು. ಒಣಹುಲ್ಲು, ಮೇಲೆ ಗಾಳಿ. ಕಿಡಿ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಗುಡ್ಡದ ಮೇಲಿದ್ದದ್ದು ಹನ್ನೊಂದೇ ಮನೆ, ಹನ್ನೊಂದೂ ಹೋದವು. ಹತ್ತು ಕುಟುಂಬಗಳನ್ನು ಕಂಪ್ಲಿಯಲ್ಲಿ, ಪಾಪಿನಾಯಕನಹಳ್ಳಿಯಲ್ಲಿ ಹೇಗೋ ಸೇರಿಸಿದೆವು. ಉಳಿದವರು ಉಚ್ಚೆಂಗಮ್ಮ ಒಬ್ಬರೇ. ಅರವತ್ತು ದಾಟಿದ ಹೆಂಗಸು, ಮಕ್ಕಳಿಲ್ಲ. ಗಂಡ ಮರುಳಸಿದ್ದಪ್ಪ ದನ ಬಿಚ್ಚಿ ಬರುತ್ತೇನೆಂದು ಬೆಂಕಿಯೊಳಗೆ ಹೋದವರು ತಿರುಗಿ ಬರಲಿಲ್ಲ.

ಅವರೆಲ್ಲ ತಂಗಿದ್ದ ಸಮುದಾಯ ಭವನವನ್ನು ಸೋಮವಾರದೊಳಗೆ ಖಾಲಿ ಮಾಡಬೇಕಿತ್ತು. ಅಷ್ಟರೊಳಗೆ ಉಚ್ಚೆಂಗಮ್ಮ ಯಾವುದಾದರೂ ಮನೆ ಒಪ್ಪದಿದ್ದರೆ ವೃದ್ಧಾಶ್ರಮಕ್ಕೆ ಕಳಿಸುವುದೆಂದು ಮೇಲಿನವರು ತೀರ್ಮಾನಿಸಿಬಿಟ್ಟಿದ್ದರು. ನಾನು ಈ ಮಾತು ಹೇಳಿದಾಗ ಉಚ್ಚೆಂಗಮ್ಮ ದನಿಯನ್ನೂ ಏರಿಸಲಿಲ್ಲ.

"ಆಶ್ರಮಕ್ಕ ನಾ ಹೋಗಂಗಿಲ್ರಿ ಅಮ್ಮಾರೆ. ಗುಡ್ಡಕ್ಕ ಹೋಗಿ ಬೂದಿಯಾಗ ಬಿದ್ಕೊಂತೀನಿ."

ಹೇಳಿದ್ದನ್ನು ಮಾಡುವ ಹೆಂಗಸು. ಅದಕ್ಕೇ ನನಗೆ ಭಯ.

ಅವರ ಗುಡ್ಡದಲ್ಲೊಂದು ಪದ್ಧತಿಯಿದೆ. ಮನೆ ಹಿಡಿಯುವ ಮೊದಲು ಅಲ್ಲಿ ಒಂದು ಮಧ್ಯಾಹ್ನ ಮಲಗಿ ನೋಡಬೇಕು. ನಿದ್ದೆ ಹತ್ತಿತೋ, ಮನೆ ನಿಮ್ಮದು. ಹತ್ತಲಿಲ್ಲವೋ, ಅರಮನೆಯಾದರೂ ಬಿಟ್ಟು ನಡೆಯಬೇಕು. ಉಳಿದ ಹತ್ತು ಮನೆಯವರೂ ಹೀಗೆಯೇ ಮಲಗಿ, ಎದ್ದು, ಮುಖ ಒರೆಸಿಕೊಂಡು ಒಪ್ಪಿದ್ದರು. ನಾನು ಆ ಹೊತ್ತಿನಲ್ಲೆಲ್ಲ ಯಾವುದೋ ಚಹಾದಂಗಡಿಯಲ್ಲಿ ಕೂತು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದೆ.

ಮೊದಲು ಹೊಸಪೇಟೆಯ ಓಣಿಯೊಂದರ ಮನೆ ತೋರಿಸಿದೆ. ಉಚ್ಚೆಂಗಮ್ಮ ಸೆರಗು ಮಡಿಸಿ ತಲೆಯಡಿ ಇಟ್ಟುಕೊಂಡು ಬರಿನೆಲದ ಮೇಲೆ ಮಲಗಿದರು. ಒಂದು ತಾಸಿನ ಮೇಲೆ ಹೊರಗೆ ಬಂದು, "ನಿದ್ದಿ ಬರಲಿಲ್ರಿ" ಅಂದರು. ಓಣಿಯ ಗದ್ದಲ ಇರಬಹುದು ಅಂದುಕೊಂಡು ಮರುದಿನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಂಪ್ಲಿಗೆ ಹೋದೆ. ಕಾಲುವೆಯ ಪಕ್ಕದ ಮನೆ, ನೀರಿನ ಸದ್ದು ಬಿಟ್ಟರೆ ಮತ್ತೊಂದಿಲ್ಲ. ಕಿಟಕಿಯಿಂದ ಬಂದ ಬೆಳಕು ಗೋಡೆಯ ಮೇಲೆ ನೀರಾಗಿ ಓಲಾಡುತ್ತಿತ್ತು. ನೋಡುತ್ತ ನಿಂತ ನನಗೇ ಕಣ್ಣು ಎಳೆಯಿತು. ಉಚ್ಚೆಂಗಮ್ಮ ಮಾತ್ರ ಎದ್ದು ಬಂದು ಅದೇ ಮಾತು ಹೇಳಿದರು.

"ನಿದ್ದಿ ಗುಳಿಗಿ ಕೊಡಿಸ್ಲೇನ್ರಿ?" ಎಂದೆ. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನನ್ನ ಮುಖ ನೋಡಿ, ಸುಮ್ಮನೆ ಸ್ಕೂಟರ್ ಹತ್ತಿದರು.

ಮೂರನೆಯದು ಕಡ್ಡಿರಾಂಪುರದ ಮನೆ. ಯಜಮಾನ ಜಂಬಪ್ಪ ಒಳ್ಳೆಯ ಮನುಷ್ಯ, ಹತ್ತು ವರ್ಷ ಯಾರೂ ಏಳಿಸದಂತೆ ಬರೆದುಕೊಡಲು ಒಪ್ಪಿದ್ದ. ಆದರೆ ಹೋಮ್‌ಸ್ಟೇ ಮಾಡುವವನೊಬ್ಬ ಅದೇ ಮನೆಗೆ ಗಂಟುಬಿದ್ದಿದ್ದ.

"ಸಂಜಿ ಐದರ ಮಟ ಕಾಯ್ತೀನ್ರಿ. ಆಮ್ಯಾಲ ನನ್ನ ಬೈಬ್ಯಾಡ್ರಿ" ಎಂದು ಹೇಳಿ ಜಂಬಪ್ಪ ಹೊಲಕ್ಕೆ ಹೋದ. ಅಂದು ಶನಿವಾರ. ನನ್ನ ಕೈಯಲ್ಲಿ ಬೇರೆ ಮನೆ ಇರಲಿಲ್ಲ.

ಎರಡೇ ಕೋಣೆ. ಬಾಗಿಲ ಎದುರಿಗೆ ಬಾಳೆತೋಟ, ಅದರಾಚೆ ಗುಂಡುಬಂಡೆಗಳು. ಬಿಸಿಲಿನಲ್ಲಿ ಅವು ಕಾಲು ಮಡಚಿ ಮೆಲುಕು ಹಾಕುವ ಎಮ್ಮೆಗಳಂತೆ ಕಾಣುತ್ತಿದ್ದವು. ಉಚ್ಚೆಂಗಮ್ಮ ಮಲಗಿದರು, ನಾನು ಬೇವಿನ ಮರದಡಿ ನಿಂತೆ. ಮೂರೂವರೆಗೆ ನೀರಿನ ಬಾಟಲಿ ತರಲು ಒಳಗೆ ಹೋದರೆ ಅವರ ಎರಡೂ ಕಣ್ಣು ತೆರೆದೇ ಇದ್ದವು.

ಸಿಟ್ಟು ಬರಬೇಕಿತ್ತು, ಯಾಕೋ ಬರಲಿಲ್ಲ. ಗೋಡೆಗೆ ಒರಗಿ ಕೂತು ಕೇಳಿದೆ.

"ಏನು ನೋಡಾಕತ್ತೀರಿ?"

"ಬಾಗಲಾ."

"ಬಾಗಲಾಗ ಏನೈತಿ?"

"ಏನೂ ಇಲ್ಲ. ಅದಕ್ಕಽ ನೋಡಾಕತ್ತೀನಿ."

ಅವರೇ ಮುಂದುವರಿಸಿದರು. "ನಮ್ಮ ಗುಡ್ಡದಾಗ ಒಬ್ರು ಮಲಗಿದ್ರ ಒಬ್ರು ಹೊಸ್ತಿಲ ಮ್ಯಾಲ ಕುಂದ್ರತಾರ್ರಿ. ಕರಡಿ ಬರ್ತಾವ, ಹಾವು ಬರ್ತಾವ. ಆವತ್ತೂ ನಾ ಮಲಗಿದ್ದೆ, ನಮ್ಮೋರು ಕುಂತಿದ್ರು. ಹೊಗಿ ಮೊದ್ಲ ಕಂಡದ್ದು ಅವ್ರಿಗೇ. ನನ್ನ ಎಬ್ಬಿಸಿದ್ರು, ಕೆಳಗ ಓಡು ಅಂದ್ರು. ಕುಂತೋರು ಹೋದ್ರು, ಮಲಗಿದಾಕಿ ಉಳದೆ."

ಚಹಾದಂಗಡಿಯಿಂದ ನಾನು ತಿರುಗಿ ಬಂದಾಗ ಹತ್ತು ಮನೆಗಳಲ್ಲೂ ಗಂಡನೋ ಹೆಂಡತಿಯೋ ಬಾಗಿಲಲ್ಲಿ ಕೂತಿದ್ದದ್ದು ಈಗ ಕಣ್ಣಿಗೆ ಕಟ್ಟಿತು. ಗಾಳಿಗೆ ಕೂತಿದ್ದಾರೆ ಅಂದುಕೊಂಡಿದ್ದೆ.

"ಮೊದ್ಲ ಯಾಕ ಹೇಳ್ಲಿಲ್ರಿ? ನಾ ಕುಂದ್ರತಿದ್ನಲ್ಲ."

"ನೀವು ಹೊಸ್ತಿಲ ದಾಟೋದು ನೋಡೀನ್ರಿ. ಸೀರಿ ಎತ್ತಿ, ಕಾಲು ತಗಲದಂಗ ದಾಟ್ತೀರಿ. ನಿಮ್ಮೋರಾಗ ಅದ್ರ ಮ್ಯಾಲ ಕುಂದ್ರಬಾರದು. ಕುಂದ್ರ್ರಿ ಅಂತ ಹ್ಯಾಂಗ ಕೇಳ್ಲಿ?"

ಮಾತು ನಿಜ. ನಮ್ಮಮ್ಮ ಸರಸ್ವತೀಬಾಯಿ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು, ಅರಿಸಿನ ಕುಂಕುಮ ಇಟ್ಟು, ರಂಗೋಲಿಯ ಎಳೆ ಹಾಕುತ್ತಿದ್ದಳು. ಹೊಸ್ತಿಲ ಮೇಲೆ ಕೂತರೆ ಮನೆಗೆ ದರಿದ್ರ ಎನ್ನುವಳು. ಒಮ್ಮೆ ಕೂತದ್ದಕ್ಕೆ ಸೌಟಿನಿಂದ ಬೆನ್ನ ಮೇಲೆ ಬಿದ್ದಿತ್ತು. ಆಗ ನನಗೆ ಏಳು ವರ್ಷ, ಆಮೇಲೆ ಯಾವ ಮನೆಯ ಹೊಸ್ತಿಲ ಮೇಲೂ ನಾನು ಕೂತಿಲ್ಲ. ನಲ್ಲಿ ಇದೆಯೇ, ಪಾಯಿಖಾನೆ ಇದೆಯೇ, ಕರೆಂಟು ಇದೆಯೇ ಎಂದು ಮೂರು ಮನೆಯಲ್ಲೂ ನೂರೆಂಟು ಕೇಳಿದ್ದೆ. ಈಕೆಗೆ ಬೇಕಾಗಿದ್ದ ಒಂದನ್ನು ಕೇಳಿರಲಿಲ್ಲ. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

ಎದ್ದು ಹೋಗಿ ಕೂತೆ. ಅಮ್ಮ ಎಲ್ಲಿದ್ದಾಳೋ ಅಲ್ಲಿಂದಲೇ ಬೈದುಕೊಳ್ಳಲಿ. ಹೊಸ್ತಿಲ ಮರ ಬಿಸಿಲಿಗೆ ಬೆಚ್ಚಗಿತ್ತು.

"ಮಲಗ್ರಿ. ನಾ ಏಳಂಗಿಲ್ಲ."

"ಫೋನ್ ಬಂದ್ರ?"

"ಬಂದ್ರ ಬರ್ಲಿ."

"ಖರೇನ?"

"ಖರೇ."

ಅವರು ಗೋಡೆಯ ಕಡೆ ಹೊರಳಿದರು. ಸ್ಕೂಟರಿನ ಡಿಕ್ಕಿಯೊಳಗೆ ಫೋನು ಬಡಿದುಕೊಂಡು ಸುಮ್ಮನಾಯಿತು. ಕೂತು ನೋಡುವುದೆಂದರೆ ಇಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಬಾಳೆಯ ಎಲೆಗಳು ಒಂದೊಂದಾಗಿ ಅಲುಗಿ ನಿಂತವು. ಬಂಡೆಯ ನೆರಳು ಗದ್ದೆಯ ಬದುವಿನ ಮೇಲೆ ಕಾಲಿಟ್ಟಿತು. ಎಲ್ಲೋ ಒಂದು ಸೈಕಲ್ಲಿನ ಸದ್ದು, ಅದು ಹತ್ತಿರ ಬರುತ್ತದೆ ಅಂದುಕೊಂಡರೆ ಬರುತ್ತಲೇ ಇಲ್ಲ. ನನ್ನ ಬೆನ್ನ ಹಿಂದೆ ಉಚ್ಚೆಂಗಮ್ಮನ ಉಸಿರು ನಿಧಾನವಾಗುತ್ತ ಹೋಯಿತು. ಮಧ್ಯಾಹ್ನ ತೆಳ್ಳಗಾಗಿ, ಅದರ ಹಿಂದೆ ನಾನೆಂದೂ ನೋಡದ ಗುಡ್ಡವೊಂದು ಕಾಣತೊಡಗಿತು. ಹನ್ನೊಂದು ಮನೆ, ಹನ್ನೊಂದು ಹೊಸ್ತಿಲು, ಪ್ರತಿಯೊಂದರ ಮೇಲೂ ಒಬ್ಬರು ಕೂತಿದ್ದಾರೆ. ಯಾರಿಗೂ ಅವಸರವಿಲ್ಲ. ಅವರ ನಡುವೆ ನನಗೂ ಒಂದು ಜಾಗವಿದೆ. ನಾನು ಕಣ್ಣು ಮುಚ್ಚಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಆಗ ಹೊಗೆ ಕಂಡಿತು.

ತೋಟದಾಚೆ ಸಣ್ಣ ಎಳೆಯಾಗಿ ಎದ್ದು, ಗಾಳಿಗೆ ಬಾಗಿ, ನಮ್ಮ ಕಡೆ ಬಂತು. ಎಬ್ಬಿಸಲೇ? ಎಬ್ಬಿಸಿದರೆ ಈ ಮನೆಯೂ ಹೋಯಿತು, ಈಕೆ ನಾಡಿದ್ದು ಬೂದಿಗೆ ನಡೆಯುತ್ತಾರೆ. ಎಬ್ಬಿಸದೆ ಬಿಟ್ಟು, ಆಗಬಾರದ್ದು ಆದರೆ? ಎದ್ದು ಓಡಿ ನೋಡಿಬರೋಣವೆಂದರೆ ಏಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಕೂತಲ್ಲಿಂದಲೇ ಕತ್ತು ಚಾಚಿ ನೋಡಿದೆ. ಬಾಳೆಗಳ ಸಂದಿಯಲ್ಲಿ ಒಬ್ಬ ಹೆಂಗಸು ಕೋಲಿನಿಂದ ಒಣ ಬಾಳೆಎಲೆಯ ಗುಡ್ಡೆ ಕೆದಕುತ್ತಿದ್ದಳು. ಸುತ್ತ ನೀರು ಹಾಯಿಸಿದ ಹಸಿ ನೆಲ. ಬೆಂಕಿ ಅವಳ ಮೊಳಕಾಲಿಗೂ ಬರುತ್ತಿರಲಿಲ್ಲ.

ವಾಸನೆ ಒಳಗೆ ಹೋಗಿರಬೇಕು. ಹಿಂದಿನಿಂದ ದನಿ ಬಂತು.

"ಹೊಗಿ..."

ತಿರುಗಿ ನೋಡಿದೆ. ಉಚ್ಚೆಂಗಮ್ಮನ ಕಣ್ಣು ಮುಚ್ಚಿದ್ದವು, ಕೈ ಮಾತ್ರ ನೆಲ ತಡಕುತ್ತಿತ್ತು. ಸುಳ್ಳು ಹೇಳಬೇಕೆಂದು ನಾಲಿಗೆಯವರೆಗೆ ಬಂದಿತ್ತು. ಹೇಳಲಿಲ್ಲ.

"ಹೂಂ, ಹೊಗಿ ಐತಿ. ಬಾಳಿ ಎಲಿ ಸುಡಾಕತ್ತಾರ. ತ್ವಾಟದ ಆಚಿ ಕಡಿ, ಹಸಿ ನೆಲದಾಗ. ನಾ ನೋಡಾಕತ್ತೀನಿ, ನೀವು ಮಲಗ್ರಿ."

ಕೈ ನಿಂತಿತು. ಎಷ್ಟೋ ಹೊತ್ತು, ಅಥವಾ ಎರಡೇ ಉಸಿರಿನಷ್ಟು ಹೊತ್ತು, ಏನೂ ಆಗಲಿಲ್ಲ. ಆಮೇಲೆ ಅವರು ಆ ಕೈಯನ್ನು ಕೆನ್ನೆಯಡಿ ಇಟ್ಟುಕೊಂಡು ಮಗ್ಗುಲು ಬದಲಿಸಿದರು. ಸಣ್ಣಗೆ ಗೊರಕೆ ಶುರುವಾಯಿತು. ಅಯ್ಯೋ ನನ್ನಪ್ಪ, ಆ ಗೊರಕೆ ಕೇಳಿ ನನಗಾದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಐದಕ್ಕೆ ಜಂಬಪ್ಪ ಬಂದ. ನಾನು ಬಾಯಿಯ ಮೇಲೆ ಬೆರಳಿಟ್ಟೆ. ಅವನು ಒಳಗೆ ಇಣುಕಿ, ಚಪ್ಪಲಿ ಕಳಚಿ, ಅಂಗಳದ ಕಲ್ಲಿನ ಮೇಲೆ ಸದ್ದಿಲ್ಲದೆ ಕೂತ.

"ಹೋಮ್‌ಸ್ಟೇಯವನಿಗೆ ಏನು ಹೇಳ್ಲಿ?" ಎಂದು ಪಿಸುಗುಟ್ಟಿದ.

"ಮನ್ಯಾಗ ಮಂದಿ ಮಲಗ್ಯಾರ ಅಂತ ಹೇಳ್ರಿ."

ಆರು ಗಂಟೆಯ ಹೊತ್ತಿಗೆ ಉಚ್ಚೆಂಗಮ್ಮ ಎದ್ದರು. ಕೆನ್ನೆಯ ಮೇಲೆ ಬಳೆಯ ಗುರುತು ಮೂಡಿತ್ತು. ಹೊರಗೆ ಬಂದು ತೋಟದಾಚೆ ನೋಡಿದರು. ಹೊಗೆ ಯಾವಾಗಲೋ ಹೋಗಿತ್ತು. ನಾನು ಕರಾರಿನ ಕಾಗದ ತರಲು ಏಳಹೋದೆ, ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ಅವರೇ ರಟ್ಟೆ ಹಿಡಿದು ಎಬ್ಬಿಸಿದರು.

"ಕಾಗದ ಎಲ್ಲಿ ಓಡಿ ಹೋಗ್ತಾವ? ಕಣ್ಣು ನೋಡ್ರಿ ನಿಮ್ವು, ಹ್ಯಾಂಗ ಕೆಂಪಗಾಗ್ಯಾವ. ಒಳಗ ಹೋಗಿ ಒಂದೀಟು ಅಡ್ಡಾಗ್ರಿ. ನಾ ಕುಂದ್ರತೀನಿ."

ಅವರು ಹೊಸ್ತಿಲ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ತೋಟದ ಕಡೆ ತಿರುಗಿದರು. ಇನ್ನೊಬ್ಬರ ಮನೆಯಲ್ಲಿ ಮಲಗುವ ಅಭ್ಯಾಸ ನನಗಿಲ್ಲ. ಆದರೂ ಮನೆಯವರೇ ಹೇಳಿದ ಮೇಲೆ ಇಲ್ಲವೆನ್ನುವುದು ಹೇಗೆ ಎಂದು ಒಳಗೆ ಹೋಗಿ ಮಲಗಿಕೊಂಡೆ.