ರಾಕೆಟ್ಟಿಗೆ ಸೀನು ಬರುವ ಹೊತ್ತು

ಅವಳ ಚಿಂತೆ ಹೊರಗೆ ಬಿದ್ದರೆ ನಗೆಪಾಟಲಾಗುವಂಥದ್ದು. ಹಾಗಾಗಿ ಅದನ್ನು ಡೈರಿಗೆ ಮಾತ್ರ ಹೇಳಿಕೊಂಡಿದ್ದಳು: ‘ಭಾನುವಾರ ಮೈದಾನದಲ್ಲಿ ಪ್ರತಿ ರಾಕೆಟ್ಟನ್ನೂ ನೋಡಿ ನಾನು “ಸರಿ ಇದೆ” ಎಂದು ಕೂಗಬೇಕಂತೆ. ನನ್ನ ದನಿ ಮೈದಾನ ದಾಟುವುದಿರಲಿ, ನನ್ನ ಹಲ್ಲು ದಾಟುವುದೇ ಅನುಮಾನ.’

ಬರೆದ ಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಗೋಡೆಗೆ ಮುಖ ಮಾಡಿ ಅಭ್ಯಾಸ ಮಾಡಿದಳು. “ಸರಿ ಇದೆ.”

“ಏನೇ ಸರಿ ಇದೆ? ನೀರು ಬಿಸಿ ಬರ್ತಿದ್ಯಾ?” ಎಂದು ಅಮ್ಮ ಹೊರಗಿನಿಂದ ಕೇಳಿದಳು. ಅವಳು ನಲ್ಲಿ ನಿಲ್ಲಿಸಿ ಬಾಯಿ ಮುಚ್ಚಿಕೊಂಡಳು. ಅಭ್ಯಾಸ ಅಲ್ಲಿಗೇ ಮುಗಿಯಿತು.

ಪದವಿ ಕೈಗೆ ಬಂದು, ಕೆಲಸ ಇನ್ನೂ ಬಾರದೆ, ಅವಳು ಮನೆಯಲ್ಲಿ ಕಿಟಕಿಯ ಪರದೆಯಂತೆ ಸದ್ದಿಲ್ಲದೆ ತೂಗಾಡುತ್ತಿದ್ದ ಕಾಲವದು. ಅದನ್ನು ನೋಡಲಾರದೆ ಸೋದರತ್ತೆ ಅವಳನ್ನು ಮಕ್ಕಳ ಗ್ರಂಥಾಲಯಕ್ಕೆ ಎಳೆದೊಯ್ದಿದ್ದಳು. ಅತ್ತೆ ಅಲ್ಲಿಯ ಗ್ರಂಥಪಾಲಕಿ. ರಜೆಯಲ್ಲಿ ಹಿಂದಿನ ಕೋಣೆಯಲ್ಲಿ ರಾಕೆಟ್ ತರಗತಿ ನಡೆಸುವವನು ಅತ್ತೆಯ ಗಂಡ. ಉದ್ಯೋಗ ಎಲೆಕ್ಟ್ರಿಷಿಯನ್ನನದು, ಮಕ್ಕಳ ಬಾಯಲ್ಲಿ ಮಾತ್ರ ‘ವೈರ್ ಮಾಮ’. ಇವಳ ಪಾಲಿಗೆ ಬಂದದ್ದು ಅಂಟಿನ ಡಬ್ಬಿ. ಯಾವ ರೆಕ್ಕೆಗೆ ಎಷ್ಟು ಅಂಟು, ಒಣಗುವ ತನಕ ಎಲ್ಲಿ ಹಿಡಿಯಬೇಕು, ಮೇಜಿಗೆ ಅಂಟಿಕೊಂಡ ಮೊಣಕೈಯನ್ನು ಹೇಗೆ ಬಿಡಿಸಬೇಕು, ಇದೆಲ್ಲ ಅವಳ ಇಲಾಖೆ. ಮೂರನೆಯ ದಿನಕ್ಕೇ ಮಕ್ಕಳು ಅವಳಿಗೆ ‘ಅಂಟಕ್ಕ’ ಎಂದು ನಾಮಕರಣ ಮಾಡಿ ಕೈತೊಳೆದುಕೊಂಡರು. ಕೈತೊಳೆದರೂ ಅಂಟು ಹೋಗಲಿಲ್ಲ, ಆ ಮಾತು ಬೇರೆ.

ಅಂಟಕ್ಕನಿಗೆ ಒಂದು ಹಳೆಯ ಚಾಳಿ. ಯಾರಾದರೂ ಏನಾದರೂ ಕೇಳಿ, ಅದು ಸರಿಯಾಗಿ ಕಿವಿಗೆ ಬೀಳದಿದ್ದರೆ, ‘ಏನು?’ ಎಂದು ಮತ್ತೆ ಕೇಳಲು ಸಂಕೋಚ. ಅದಕ್ಕೂ ದನಿ ಬೇಕಲ್ಲ. ಸುಮ್ಮನೆ ಹೂಂ ಎಂಬಂತೆ ತಲೆಯಾಡಿಸಿಬಿಡುತ್ತಿದ್ದಳು. ಈ ತಲೆಯಾಟದ ಫಲವಾಗಿ ಅವಳ ಜಡೆ ಒಮ್ಮೆ ಕಿವಿಯ ಮಟ್ಟಕ್ಕೆ ಕತ್ತರಿಸಿಹೋಗಿತ್ತು. ಇನ್ನೊಮ್ಮೆ ನೆರೆಮನೆಯವರ ಬೆಕ್ಕು, ಅದರ ಬುಟ್ಟಿ, ಅದರ ಔಷಧಿ ಸಮೇತ ಒಂದು ಬೇಸಿಗೆಯಿಡೀ ಇವಳ ಕೋಣೆಯಲ್ಲಿ ವಾಸವಾಗಿತ್ತು.

ರಾಕೆಟ್ಟಿನ ಒಳಗುಟ್ಟನ್ನು ವೈರ್ ಮಾಮ ಮಕ್ಕಳಿಗೆ ತಿಳಿಸಿದ್ದು ಹೀಗೆ: “ನೋಡ್ರಪ್ಪಾ, ಎಂಜಿನ್ ಉರಿದು ರಾಕೆಟ್ ಮೇಲಕ್ಕೆ ಹೋಗುತ್ತಾ? ತುದಿಗೆ ಹೋದ ಮೇಲೆ ಅದಕ್ಕೊಂದು ಸೀನು ಬರುತ್ತೆ. ಆ ಸೀನಿನ ರಭಸಕ್ಕೆ ಮೂತಿ ಬಿಚ್ಚಿಕೊಳ್ಳುತ್ತೆ, ಒಳಗಿರೋ ಪ್ಯಾರಾಚೂಟ್ ಆಚೆ ಬರುತ್ತೆ, ಆಮೇಲೆ ಮೆತ್ತಗೆ ಇಳಿಯುತ್ತೆ. ಅದಕ್ಕೇ ಮೂತೀನ ಬರೀ ಸಿಕ್ಕಿಸಬೇಕು. ಬಿಗಿ ಮಾಡಬಾರದು.”

“ಬಿಗಿ ಮಾಡಿದ್ರೆ?” ಎಂದಳು ಪ್ರಶ್ನೆಪುಟ್ಟಿ. ತರಗತಿಗೇ ಚಿಕ್ಕವಳು. ಮಾತೆಂದರೆ ಪ್ರಶ್ನೆ ಎಂದೇ ತಿಳಿದವಳು.

“ಸೀನು ತಡೆದ್ರೆ ಏನಾಗುತ್ತೆ ಹೇಳು? ಹಿಂದಿನಿಂದ ಬರುತ್ತೆ.”

ಆಮೇಲೆ ತರಗತಿ ಮುಂದುವರಿಯಲಿಲ್ಲ. ಹುಡುಗರು ನಕ್ಕು ನಕ್ಕು ಬೆಂಚಿನಿಂದ ಉರುಳಿದರು. ಆ ಗದ್ದಲದಲ್ಲಿ, ತಡೆದ ಸೀನಿನಿಂದ ಎಂಜಿನ್ನೇ ಹಿಂದಕ್ಕೆ ಕಿತ್ತುಬಂದು ರಾಕೆಟ್ ತಲೆಕೆಳಗಾಗಿ ಬೀಳುತ್ತದೆ ಎಂಬ ಮುಖ್ಯ ವಿಷಯ ಯಾರಿಗೂ ಕೇಳಿಸಲಿಲ್ಲ. ಪ್ರಶ್ನೆಪುಟ್ಟಿಗಂತೂ ಮೊದಲೇ ಕೇಳಿಸಲಿಲ್ಲ. ಅವಳು ನಗುವುದರಲ್ಲಿ ಎಲ್ಲರಿಗಿಂತ ಮುಂದಿದ್ದಳು.

ಶನಿವಾರ ಕೊನೆಯ ಕೈ ಕೆಲಸ. ಪ್ರಶ್ನೆಪುಟ್ಟಿಯ ಅಜ್ಜಿ ದರ್ಜಿ. ಎಲ್ಲ ಮಕ್ಕಳ ಪ್ಯಾರಾಚೂಟುಗಳನ್ನೂ ಅವಳೇ ತೆಳು ಪ್ಲಾಸ್ಟಿಕ್ಕಿನಲ್ಲಿ ಕತ್ತರಿಸಿ ದಾರ ಕಟ್ಟಿ ಕಳಿಸಿದ್ದಳು. ಮಕ್ಕಳು ಒಬ್ಬೊಬ್ಬರಾಗಿ ಕೊಳವೆಯೊಳಗೆ ಮೊದಲು ಬೆಂಕಿ ಹತ್ತದ ಕಾಗದ, ಅದರ ಮೇಲೆ ಮಡಿಸಿದ ಪ್ಯಾರಾಚೂಟ್ ತುಂಬಿ, ಮೂತಿ ಸಿಕ್ಕಿಸುತ್ತಿದ್ದರು. ಪುಟ್ಟಿಯ ಮೂತಿ ಮಾತ್ರ ಸ್ವಲ್ಪ ಸಡಿಲ. ರಾಕೆಟ್ ಬಗ್ಗಿಸಿದರೆ ಜಾರಿ ಬೀಳುತ್ತಿತ್ತು. ಅವಳು ಅಂಟಕ್ಕನ ಬಳಿ ಬಂದು ಏನೋ ಕೇಳಿದಳು. ಸರಿಯಾಗಿ ಆ ಹೊತ್ತಿಗೇ ಪಕ್ಕದ ಮರಗೆಲಸದ ಅಂಗಡಿಯಲ್ಲಿ ಗರಗಸ ಕಿರುಚತೊಡಗಿತು. ಪುಟ್ಟಿಯ ತುಟಿ ಆಡುತ್ತಿದ್ದುದು ಕಂಡಿತು, ಕೈ ಅಂಟಿನ ಡಬ್ಬಿಯನ್ನು ತೋರಿಸುತ್ತಿದ್ದುದೂ ಕಂಡಿತು. ಅಂಟಕ್ಕ ತಲೆಯಾಡಿಸಿದಳು.

ಇತ್ತ ಕೂಗುವ ಚಿಂತೆ ಅಷ್ಟರಲ್ಲೇ ಕರಗಿತ್ತು. ಅವಳ ಮುಖ ನೋಡಿಯೇ ವೈರ್ ಮಾಮನಿಗೆ ಅರ್ಥವಾಗಿತ್ತು. “ಬಾಯಿ ಬೇಡ ಬಿಡಮ್ಮ. ಎರಡು ಬಟ್ಟೆ ಇಟ್ಕೋ. ಪ್ರತಿ ರಾಕೆಟ್ಟಿನ ಮೂತಿ ಎಳೆದು ನೋಡು. ಸಲೀಸಾಗಿ ಬಂದ್ರೆ ಮತ್ತೆ ಸಿಕ್ಕಿಸಿ, ಹಸಿರು ಎತ್ತು. ಬರದಿದ್ರೆ ಕೆಂಪು. ಹಸಿರು ಎತ್ತಿ ನೀನು ದೂರ ಬಂದ ಮೇಲೇ ನಾನು ಗುಂಡಿ ಒತ್ತೋದು.”

ಆ ದಿನ ಡೈರಿಯಲ್ಲಿ ಒಂದೇ ಸಾಲು: ‘ಬಟ್ಟೆ ಕಂಡುಹಿಡಿದವರು ಪುಣ್ಯವಂತರು.’

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಗಾಳಿಯಿರಲಿಲ್ಲ. ನಡುವೆ ಉಡಾವಣೆಯ ಕಂಬಿ. ದೂರದಲ್ಲಿ ಕಟ್ಟಿದ ಹಗ್ಗದ ಹಿಂದೆ ಮಕ್ಕಳು, ಮನೆಯವರು, ಬ್ಯಾಟರಿ ಪೆಟ್ಟಿಗೆಯೊಂದಿಗೆ ವೈರ್ ಮಾಮ. ಕಂಬಿಯ ಬಳಿ ಅಂಟಕ್ಕ ಒಬ್ಬಳೇ.

ಮೊದಲ ರಾಕೆಟ್ ಸೊಯ್ಯನೆ ಎದ್ದು, ತುದಿಯಲ್ಲಿ ಸಣ್ಣಗೆ ಸೀನಿ, ಅಜ್ಜಿಯ ಪ್ಯಾರಾಚೂಟ್ ಬಿಚ್ಚಿಕೊಂಡು ತೇಲುತ್ತ ಬಂತು. ಎರಡನೆಯದರ ಮಾಲೀಕ ಅದು ಇಳಿಯುವ ಮುಂಚೆಯೇ ಹಿಡಿಯಲು ಓಡಿ, ಮೇಲೆ ನೋಡುತ್ತಲೇ ನೀರಿನ ತೊಟ್ಟಿಗೆ ಬಿದ್ದ. ರಾಕೆಟ್ ಒಣಗಿದ ನೆಲದ ಮೇಲೆ ಅಚ್ಚುಕಟ್ಟಾಗಿ ಇಳಿಯಿತು. ಅಂಟಕ್ಕನ ಹಸಿರು ಬಟ್ಟೆ ಒಂದೊಂದು ಸಲಕ್ಕೂ ಒಂದೊಂದು ಗೇಣು ಮೇಲೇರುತ್ತಿತ್ತು. ತನ್ನನ್ನು ಇಷ್ಟು ಜನ ನೋಡುತ್ತಿದ್ದಾರೆ ಎಂಬುದನ್ನೇ ಅವಳು ಮರೆತಿದ್ದಳು.

ಆಮೇಲೆ ಪುಟ್ಟಿ ತನ್ನ ಹಳದಿ ರಾಕೆಟ್ಟನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದಳು. “ಅಕ್ಕಾ, ಇದು ಮೋಡಕ್ಕೆ ತಗಲುತ್ತಾ? ತಗಲಿದ್ರೆ ಒದ್ದೆ ಆಗುತ್ತಾ? ಒದ್ದೆ ಆದ್ರೆ ಬಣ್ಣ ಹೋಗುತ್ತಾ?”

ಅಂಟಕ್ಕ ಮೂತಿ ಎಳೆದಳು. ಬರಲಿಲ್ಲ. ಉಗುರು ಕೊಟ್ಟು ಎಳೆದಳು. ಕಲ್ಲು.

“ಗಟ್ಟಿಯಾಗಿದೆ ಅಲ್ವಾ? ನಿಮ್ಮನ್ನ ಕೇಳಿಯೇ ಹಾಕಿದ್ದು,” ಎಂದಳು ಪುಟ್ಟಿ ಹೆಮ್ಮೆಯಿಂದ.

ಗರಗಸದ ಸದ್ದು, ಆಡುತ್ತಿದ್ದ ತುಟಿ, ಡಬ್ಬಿಯ ಕಡೆ ಚಾಚಿದ ಬೆರಳು ಎಲ್ಲವೂ ಅಂಟಕ್ಕನಿಗೆ ಒಟ್ಟಿಗೆ ನೆನಪಾದವು. ಕೈ ತಾನಾಗಿ ಕೆಂಪು ಬಟ್ಟೆ ಎತ್ತಿತು. ವೈರ್ ಮಾಮ ಬಂದು ತಾನೂ ಎಳೆದು ನೋಡಿದ. “ಓಹೋ, ಸೀಲ್ ಮಾಡಿಬಿಟ್ಟಿದ್ದಾಳೆ ಮಹಾರಾಯ್ತಿ” ಎನ್ನುತ್ತ ಒಂದು ಕೈಯಲ್ಲಿ ರಾಕೆಟ್ಟು, ಇನ್ನೊಂದು ಕೈಯಲ್ಲಿ ಪುಟ್ಟಿಯನ್ನು ಹಿಡಿದು ಹಗ್ಗದ ಕಡೆ ಹೊರಟ. ಅಂಟಕ್ಕ ಕಂಬಿಯ ಬಳಿಯೇ ಉಳಿದಳು. ಹಗ್ಗದ ಹಿಂದಿನವರಿಗೆಲ್ಲ ದೊಡ್ಡ ಗಂಟಲು. ಅಲ್ಲಿಯ ಮಾತು ಅವಳಿಗೆ ಇಲ್ಲಿಗೇ ಕೇಳುತ್ತಿತ್ತು.

“ಮೂತಿಗೆ ಅಂಟು ಹಾಕು ಅಂತ ಯಾರೇ ಹೇಳಿದ್ದು ನಿಂಗೆ?” ಇದು ಅಜ್ಜಿ.

“ಅಂಟಕ್ಕ ಹೂಂ ಅಂದ್ರು.”

ಯಾರೋ ಕಿಸಕ್ಕೆಂದರು. ತೊಟ್ಟಿಗೆ ಬಿದ್ದ ಹುಡುಗನ ಅಪ್ಪ, ಮಗನ ತಲೆ ಒರೆಸುತ್ತ, “ಅಂಟಕ್ಕ ಅಂದ್ಲಾ? ಗೋಡೆ ಮಾತಾಡ್ತು ಅಂದಿದ್ರೆ ನಂಬಬಹುದಿತ್ತು ಕಣಮ್ಮ” ಎಂದ. ನಗು ಹಗ್ಗದುದ್ದಕ್ಕೂ ಹರಿಯಿತು.

ಅತ್ತೆಯೂ ಸೇರಿಸಿದಳು: “ಪುಟ್ಟೀ, ಅವಳಿಗೆ ಗೊತ್ತಿಲ್ವೇನೆ ಮೂತಿಗೆ ಅಂಟು ಹಾಕಬಾರದು ಅಂತ? ಅವಳು ಯಾಕೆ ಹೂಂ ಅಂತಾಳೆ?”

“ಒಂದು ಬಿಡಿ ಮೂತಿ ಇದೆ ಡಬ್ಬೀಲಿ,” ಎಂದ ವೈರ್ ಮಾಮ. “ಕೊಳವೆ ತುದಿ ಒಂಚೂರು ಕೊಯ್ದು ಅದನ್ನ ಸಿಕ್ಕಿಸಿದ್ರೆ ಆಯ್ತು, ಈಗಲೇ ಹಾರಿಸಬಹುದು.”

“ಬೇಡ,” ಎಂದಳು ಅಜ್ಜಿ. “ಅಂಟು ಹಾಕಿದ್ದಕ್ಕಲ್ಲ ನನ್ನ ಸಿಟ್ಟು. ತಾನು ಮಾಡಿದ್ದನ್ನ ಬಾಯಿಲ್ಲದೋಳ ತಲೆಗೆ ಕಟ್ತಾಳಲ್ಲ, ಅದಕ್ಕೆ. ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು, ನಾಲಿಗೆ ತಪ್ಪಿದ್ರೆ ಏನು ಬಿಚ್ಚೋದು? ಸುಳ್ಳು ಹೇಳೋರ ರಾಕೆಟ್ ಹಾರೋದು ಬೇಡ. ನಡಿ ಮನೆಗೆ.”

ಪುಟ್ಟಿ ಅಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ತರಗತಿ ಶುರುವಾದಂದಿನಿಂದ ಮೊದಲ ಬಾರಿಗೆ ಅವಳಲ್ಲಿ ಪ್ರಶ್ನೆ ಇರಲಿಲ್ಲ. ಮೈದಾನದ ಆಚೆಯಿಂದ ಅಂಟಕ್ಕನನ್ನೇ ನೋಡುತ್ತ ನಿಂತಳು, ಅಷ್ಟೇ.

ಅಂಟಕ್ಕ ತಲೆಯಾಡಿಸಿದಳು. ಹೌದು, ಅವಳು ಹೇಳಿದ್ದು ನಿಜ, ಎಂದು. ಅಷ್ಟು ದೂರಕ್ಕೆ ತಲೆ ಆಡಿದ್ದು ಯಾರಿಗೆ ಕಾಣಬೇಕು? ಇನ್ನೂ ಜೋರಾಗಿ ಆಡಿಸಿದಳು. “ಅವಳಿಗೆ ಏನೋ ಹುಳ ಕಚ್ತಿದೆ ನೋಡಿ,” ಎಂದಳು ಅತ್ತೆ. ಬೇರೇನೂ ತೋಚದೆ ಅಂಟಕ್ಕ ಹಸಿರು ಬಟ್ಟೆಯನ್ನು ಎತ್ತಿ ಎತ್ತಿ ಬೀಸಿದಳು. ಸರಿ, ಸರಿ, ಪುಟ್ಟಿ ಹೇಳಿದ್ದು ಸರಿ.

“ಮುಂದಿನದು ಕಳಿಸಿ ಅಂತಿದ್ದಾಳೆ,” ಎಂದ ವೈರ್ ಮಾಮ. “ಮುಂದೆ ಯಾರಪ್ಪಾ ಇರೋದು? ಬಾ ಬಾ.”

ಅಜ್ಜಿ ಹಳದಿ ರಾಕೆಟ್ಟನ್ನು ಚೀಲಕ್ಕೆ ತುರುಕಿದಳು. ಅದರ ಬಾಲದ ರೆಕ್ಕೆಗಳು ಮಾತ್ರ ಹೊರಗುಳಿದವು. ಆ ರೆಕ್ಕೆಗಳನ್ನು ಒಂದು ಪೂರ್ತಿ ಮಧ್ಯಾಹ್ನ ಪುಟ್ಟಿಯ ಬೆರಳಿನೊಂದಿಗೆ ತನ್ನ ಬೆರಳೂ ಸೇರಿಸಿ ಒಣಗುವ ತನಕ ಹಿಡಿದಿದ್ದು ಅಂಟಕ್ಕನಿಗೆ ನೆನಪಾಯಿತು. ಅಜ್ಜಿ ಪುಟ್ಟಿಯ ಕೈ ಹಿಡಿದು ಗೇಟಿನ ಕಡೆ ತಿರುಗಿದಳು.

ಅಂಟಕ್ಕ ಎರಡೂ ಬಟ್ಟೆಗಳನ್ನು ನೆಲಕ್ಕೆ ಹಾಕಿದಳು. ಬಾಯಿ ತೆರೆದಳು. ಏನೋ ಬಂತು. ಕಂಬಿಯ ಬುಡದ ಹುಲ್ಲಿಗೆ ಕೇಳಿಸಿರಬಹುದು.

“ಏನಮ್ಮಾ?” ಎಂದು ವೈರ್ ಮಾಮ ಕಿವಿಗೆ ಕೈಯೊಡ್ಡಿದ. ಹಗ್ಗದ ಹಿಂದಿನವರೆಲ್ಲ ತಿರುಗಿದರು. ಗೇಟಿನ ಬಳಿ ಅಜ್ಜಿಯ ಹೆಜ್ಜೆಯೂ ನಿಂತಿತು. ಇಡೀ ಮೈದಾನ ಅವಳಿಗಾಗಿ ಸದ್ದಡಗಿ ಕಾಯುತ್ತಿತ್ತು. ಅವಳು ಜೀವಮಾನವಿಡೀ ಹೆದರಿಕೊಂಡು ಬಂದದ್ದು ಇದೇ ಹೊತ್ತಿಗೆ.

ಮೂಗಿನ ಬುಡದಲ್ಲಿ ಏನೋ ಉರಿದಂತಾಯಿತು. ತಡೆದ ಸೀನು ಎಲ್ಲಿಂದ ಬರುತ್ತದೆ ಎಂದು ಮಾಮ ಹೇಳಿದ್ದು ನೆನಪಾಗಿ, ಆ ಸಂಕಟದಲ್ಲೂ ಒಂದು ನಗು ನುಗ್ಗಿಬಂತು. ಆ ನಗುವಿನ ಬೆನ್ನಿಗೇ ಬಂದ ದನಿ ಅವಳಿಗೇ ಗುರುತು ಸಿಗದಷ್ಟು ದೊಡ್ಡದಾಗಿತ್ತು:

“ಪುಟ್ಟಿ ಸುಳ್ಳು ಹೇಳ್ತಿಲ್ಲ ಅಜ್ಜೀ. ಅವಳು ಕೇಳಿದ್ಲು, ನಾನು ತಲೆ ಆಡಿಸಿದೆ. ನಂಗೆ ಏನೂ ಕೇಳಿಸಿರ್ಲಿಲ್ಲ. ನಾನು ಯಾವಾಗ್ಲೂ ಹಾಗೇ, ಕೇಳಿಸದೇ ಇದ್ರೂ ಹೂಂ ಅಂತೀನಿ.”